ಬೈಕು ಕುಕ್ಕುತ್ತದೆಯೋ, ಎತ್ತಿಹಾಕುತ್ತದೆಯೋ?

ಮಳೆಗಾಲ ಶುರುವಾದರೆ ನಮ್ಮ ಸ್ಟಾಫ್ ರೂಮಿನಲ್ಲಿ ಒಂದೇ ವಿಷಯ. ಬೆನ್ನು. ಬದಿಯಡ್ಕದ ಕಡೆಯಿಂದ ಬರುವವರಿಗೆ ಬೆನ್ನು ನೋವು, ಮುಳ್ಳೇರಿಯದ ಕಡೆಯಿಂದ ಬರುವವರಿಗೆ ಕುತ್ತಿಗೆ ನೋವು, ಕುಂಬಳೆಯಿಂದ ಬರುವ ಇಬ್ಬರಿಗೆ ಎರಡೂ. ಕೊನೆಗೆ ಎಲ್ಲರದ್ದೂ ಒಂದೇ ತೀರ್ಪು: "ರಸ್ತೆ ಸರಿ ಇಲ್ಲ ಮಾರಾಯ್ರೇ!"

ರಸ್ತೆ ಸರಿ ಇಲ್ಲ, ಒಪ್ಪಿದೆ. ಅದನ್ನು ಸರಿಮಾಡಿ ಎಂದು ಕೇಳುವ ಅರ್ಜಿಗಳಿಗೆ ನಾನೂ ಸಹಿ ಹಾಕಿದ್ದೇನೆ, ಮುಂದೆಯೂ ಹಾಕುತ್ತೇನೆ. ಆದರೆ ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸರಿಯಾಗಿ ಹದಮಾಡಿದ ಬೈಕು ಇದೇ ಕೆಟ್ಟ ರಸ್ತೆಯಲ್ಲಿ ಹೇಗೆ ಹೋಗುತ್ತದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ನನಗೂ ಗೊತ್ತಿರಲಿಲ್ಲ. ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲ ಹದಗೆಟ್ಟ ಬೈಕಿಗೇ ಬೈಕು ಅನ್ನುತ್ತಾರೆ ಎಂದುಕೊಂಡು ಓಡಿಸಿದವನು ನಾನು. ಉಪ್ಪು ಹಾಕದ ಸಾರನ್ನೇ ಹುಟ್ಟಿದಾರಭ್ಯ ಉಂಡವನಿಗೆ ಸಾರಿನಲ್ಲಿ ಏನು ಕಡಿಮೆ ಎಂದು ಹೇಗೆ ಗೊತ್ತಾಗಬೇಕು?

ನನ್ನದು ನೂರು ಸಿಸಿಯ ಸಾಧಾರಣ ಬೈಕು. ಮುಂದೆ ಎರಡು ಫೋರ್ಕು, ಹಿಂದೆ ಎರಡು ಶಾಕ್ ಅಬ್ಸಾರ್ಬರ್. (ನಮ್ಮ ಗ್ಯಾರೇಜುಗಳಲ್ಲಿ ಇದನ್ನು "ಶಾಕ್ ಅಬ್ಸರ್ವರ್" ಅನ್ನುತ್ತಾರೆ. ಇಂಗ್ಲಿಷ್ ಟೀಚರು ನಗುತ್ತಾರೆ. ಆದರೆ ನನ್ನ ಬೈಕಿನಲ್ಲಿದ್ದದ್ದು ನಿಜಕ್ಕೂ ಅಬ್ಸರ್ವರೇ! ಏಟು ಬೀಳುವುದನ್ನು ಸುಮ್ಮನೆ ನೋಡುತ್ತಾ ನಿಂತಿತ್ತು, ಅಷ್ಟೇ.) ಹಿಂದಿನ ಶಾಕಿನ ಬುಡದಲ್ಲಿ ಮೆಟ್ಟಿಲಿನ ಹಾಗೆ ಐದು ಹಂತದ ಒಂದು ಉಂಗುರ ಇರುತ್ತದಲ್ಲ, ಅದು ಐದನೆಯದರಲ್ಲಿತ್ತು. ಅಂದರೆ ಪೂರ್ತಿ ಬಿಗಿ. ಯಾರು ಹಾಗೆ ಇಟ್ಟರು? ನಾನೇ ಹೇಳಿ ಇಡಿಸಿದ್ದು. ಭಾನುವಾರ ಮನೆಯವರನ್ನೂ ಮಗಳನ್ನೂ ಕೂರಿಸಿಕೊಂಡು ಹೋಗುವಾಗ ಹಿಂದೆ ತಗ್ಗುತ್ತದೆ ಎಂದು. ವಾರದಲ್ಲಿ ಒಂದು ದಿನದ ಭಾರಕ್ಕೆ ಬಿಗಿ ಮಾಡಿಸಿ, ಉಳಿದ ಆರು ದಿನ ಐವತ್ತನಾಲ್ಕು ಕೆಜಿಯ ನಾನೊಬ್ಬನೇ ಅದರ ಮೇಲೆ ಕುಕ್ಕಿಸಿಕೊಂಡು ಹೋಗುತ್ತಿದ್ದೆ.

ಮನೆಯವರು ಎಷ್ಟೋ ಸಲ ಹೇಳಿದ್ದರು, "ಹಿಂದೆ ಕೂತವರಿಗೆ ಗೊತ್ತು ಇದರ ಕಥೆ." ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಲೆಕ್ಕ ಹಾಕಿದರೆ ಅವರ ಮಾತೇ ಸರಿ. ಓಡಿಸುವವನು ಎರಡು ಚಕ್ರಗಳ ನಡುವೆ ಕೂರುತ್ತಾನೆ. ಹಿಂದೆ ಕೂತವರು ಹೆಚ್ಚುಕಡಿಮೆ ಹಿಂದಿನ ಚಕ್ರದ ಅಚ್ಚಿನ ಮೇಲೆಯೇ ಕೂರುತ್ತಾರೆ. ಉಯ್ಯಾಲೆ ಹಲಗೆಯ ನಡುವೆ ಕೂತವನಿಗೂ ತುದಿಯಲ್ಲಿ ಕೂತವನಿಗೂ ಇರುವ ವ್ಯತ್ಯಾಸ ಅದು. ಸಾಲದ್ದಕ್ಕೆ ಅವರ ಪೈಕಿ ಹೆಚ್ಚಿನವರು ಸೀರೆಯುಟ್ಟು ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂರುವವರು. ಗುಂಡಿ ಬರುವುದು ಕಾಣುವುದೂ ಇಲ್ಲ, ಕಾಲಿನ ಮೇಲೆ ಭಾರ ಹಾಕಿ ಏಳುವಂತೆಯೂ ಇಲ್ಲ.

ನನಗೆ ಬುದ್ಧಿ ಬಂದದ್ದು ಮಾತಿನಿಂದಲ್ಲ, ಬಿದ್ದು. ಮೂರು ಮಳೆಗಾಲದ ಹಿಂದಿನ ಜುಲೈ. ಸಂಜೆ ಶಾಲೆ ಬಿಟ್ಟು ಬರುವ ದಾರಿಯಲ್ಲಿ ಒಂದು ಇಳಿಜಾರು, ಅದರ ಕೊನೆಗೆ ಎಡ ತಿರುವು. ತಿರುವಿನ ಮೊದಲು ಡಾಮರು ಸುಕ್ಕುಗಟ್ಟಿ ಅಲೆ ಅಲೆಯಾಗಿತ್ತು. ವೇಗ ಮೂವತ್ತೈದು ಇದ್ದಿರಬಹುದು, ಹೆಚ್ಚಲ್ಲ. ಬೈಕು ವಾಲಿಸಿದ್ದೇ ತಡ ಹಿಂದಿನ ಚಕ್ರ ಟಕಟಕಟಕ ಎಂದು ಹಾರತೊಡಗಿತು. ಮೂರನೇ ಹಾರಿಕೆಗೆ ಅದು ಇಳಿದದ್ದು ನಾನು ಹೋಗುತ್ತಿದ್ದ ದಾರಿಯಲ್ಲಲ್ಲ, ಒಂದು ಗೇಣು ಬಲಕ್ಕೆ. ಆಮೇಲೆ ನಾನು ಚರಂಡಿಯಲ್ಲಿದ್ದೆ. ಮಂಡಿ ತರಚಿತು, ಮೂವತ್ತೆಂಟು ಮಕ್ಕಳ ನೋಟ್‌ಬುಕ್ಕು ನೀರು ಕುಡಿಯಿತು. ಎದುರಿನಿಂದ ಬಸ್ಸು ಬರುತ್ತಿರಲಿಲ್ಲ, ಹಿಂದೆ ಮಗಳು ಕೂತಿರಲಿಲ್ಲ. ಆ ಎರಡು ಮಾತು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಬೈಕನ್ನು ತಳ್ಳಿಕೊಂಡು ಹೋದದ್ದು ನನ್ನ ಹಳೇ ವಿದ್ಯಾರ್ಥಿಯೊಬ್ಬನ ಗ್ಯಾರೇಜಿಗೆ. ಅವನು ಹ್ಯಾಂಡಲ್ ನೋಡಲಿಲ್ಲ, ಮಡ್‌ಗಾರ್ಡ್ ನೋಡಲಿಲ್ಲ. ಸೀಟಿನ ಹಿಂಭಾಗಕ್ಕೆ ಎರಡೂ ಕೈ ಊರಿ ಒಮ್ಮೆ ಒತ್ತಿ ಬಿಟ್ಟ. ಬೈಕು ಮೇಲೆದ್ದು ಇನ್ನೂ ಎರಡು ಸಲ ತೂಗಿತು.

"ಮಾಷ್ಟ್ರೆ, ಒಂದು ಶಾಕಿನಲ್ಲಿ ಎಣ್ಣೆಯೇ ಇಲ್ಲ. ಎಷ್ಟು ಸಮಯ ಆಯ್ತು ಹೀಗೆ?"

"ಗೊತ್ತಿಲ್ಲ ಮಾರಾಯ. ಒಂಥರಾ ಆಗ್ತಿತ್ತು."

"ಒಂಥರಾ ಅಂದ್ರೆ? ಕುಕ್ತದಾ, ಎತ್ತಿಹಾಕ್ತದಾ?"

ನನಗೆ ಉತ್ತರ ಗೊತ್ತಿರಲಿಲ್ಲ. ತರಗತಿಯಲ್ಲಿ ಆಂದೋಲನ ಎಂದರೇನು, ಸ್ಪ್ರಿಂಗಿನ ಬಗ್ಗೆ ಹುಕ್ ಎಂಬಾತ 1678ರಲ್ಲಿ ಪ್ರಕಟಿಸಿದ ನಿಯಮ ಏನು ಎಂದು ಬೋರ್ಡಿನ ಮೇಲೆ ಬರೆಯುವ ನಾನು, ದಿನಾ ಅದೇ ಸ್ಪ್ರಿಂಗಿನ ಮೇಲೆ ಕೂತು ಬರುವ ನಾನು, "ಒಂಥರಾ" ಎಂದೆ! ಅವನ ಪ್ರಶ್ನೆಯಲ್ಲಿದ್ದ ಎರಡು ಕ್ರಿಯಾಪದಗಳು ಎರಡು ಬೇರೆ ಬೇರೆ ಕಾಯಿಲೆಗಳ ಹೆಸರು ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಮುಖ್ಯವಾಗಿ ಅದನ್ನೇ. ಬೈಕಿನ ಸಸ್ಪೆನ್ಷನ್ ವಿಚಾರ ಇಂಗ್ಲಿಷ್ ಪುಸ್ತಕದ್ದು, ನಮಗಲ್ಲ ಎಂದು ದೂರವಿಡುತ್ತೇವೆ. ಆದರೆ ಮೈಗೆ ಗೊತ್ತಾಗುವುದನ್ನು ಹೇಳಲು ಕನ್ನಡದಲ್ಲಿ ಎಷ್ಟು ಮಾತುಗಳಿವೆ ನೋಡಿ. ಸಣ್ಣ ಕಲ್ಲಿಗೂ ಏಟು ನೇರ ಬೆನ್ನುಮೂಳೆಗೆ ಬಂದರೆ ಅದು ಕುಕ್ಕುವುದು. ಹಂಪ್ ಹತ್ತುವಾಗ ಏನೂ ಆಗದೆ, ದಾಟಿದ ಮೇಲೆ ಸೀಟು ನಮ್ಮನ್ನು ಮೇಲಕ್ಕೆ ಎಸೆದರೆ ಅದು ಎತ್ತಿಹಾಕುವುದು. ತಿರುವಿನಲ್ಲಿ ಬೈಕಿನ ಹಿಂಭಾಗ ಹಡಗಿನ ಹಾಗೆ ನಿಧಾನ ಆಚೀಚೆ ಹೋದರೆ ಓಲಾಡುವುದು. ಬ್ರೇಕ್ ಹಿಡಿದಾಗ ಮುಂಭಾಗ ಒಮ್ಮೆಲೇ ಕೆಳಗೆ ಹೋಗಿ ಠಕ್ ಎಂದರೆ ಕುಸಿಯುವುದು. ಹ್ಯಾಂಡಲ್ ಕೈಯಲ್ಲಿ ನಿಲ್ಲದೆ ಸಣ್ಣಗೆ ನಡುಗಿದರೆ ಅದುರುವುದು. ಒಂದೊಂದಕ್ಕೂ ಕಾರಣ ಬೇರೆ, ಮದ್ದು ಬೇರೆ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ "ಒಂಥರಾ" ಎಂದರೆ ಮೆಕ್ಯಾನಿಕ್ ಪಾಪ ಏನು ಮಾಡಿಯಾನು? ಇರುವ ನಟ್ಟುಗಳನ್ನೆಲ್ಲ ಒಮ್ಮೆ ಬಿಗಿಮಾಡಿ ಕಳಿಸುತ್ತಾನೆ.

ಒಳಗೆ ಏನಿದೆ ಎಂದು ಸ್ವಲ್ಪ ನೋಡೋಣ. ಒಂದು ಸ್ಪ್ರಿಂಗು, ಒಂದಿಷ್ಟು ಎಣ್ಣೆ. ಸ್ಪ್ರಿಂಗಿನ ಕೆಲಸ ಭಾರ ಹೊರುವುದು. ಆದರೆ ಸ್ಪ್ರಿಂಗು ನುಂಗಿದ್ದನ್ನು ಜೀರ್ಣಿಸಿಕೊಳ್ಳುವುದಿಲ್ಲ, ಹಾಗೆಯೇ ಕಕ್ಕುತ್ತದೆ. ಹಂಪಿನಲ್ಲಿ ಪಡೆದ ಶಕ್ತಿಯನ್ನೆಲ್ಲ ವಾಪಸು ಕೊಡುತ್ತದೆ. ಜೀರ್ಣಿಸುವುದು ಎಣ್ಣೆ. ಸಣ್ಣ ತೂತುಗಳ ಮೂಲಕ ಎಣ್ಣೆ ನುಸುಳಬೇಕಾದಾಗ ಆಗುವ ತಡೆಯಲ್ಲಿ ಆ ಶಕ್ತಿ ಬಿಸಿಯಾಗಿ ಹೋಗುತ್ತದೆ. ಎಣ್ಣೆ ಸೋರಿದ ಶಾಕು ಬರೀ ಸ್ಪ್ರಿಂಗು, ಅಂದರೆ ತೊಟ್ಟಿಲು. ಅದಕ್ಕೇ ಎತ್ತಿಹಾಕುವುದು. ಎಣ್ಣೆಯ ತಡೆ ಅತಿಯಾದರೂ ಕಷ್ಟವೇ. ಅಲೆ ಅಲೆ ರಸ್ತೆಯಲ್ಲಿ ಒಂದು ಏಟಿಗೆ ಒತ್ತಿಕೊಂಡ ಶಾಕು ಮೇಲೇಳುವ ಮೊದಲೇ ಇನ್ನೊಂದು ಏಟು, ಮತ್ತೊಂದು. ಕುಗ್ಗುತ್ತಾ ಕುಗ್ಗುತ್ತಾ ಕೊನೆಗೆ ಕಲ್ಲಾಗುತ್ತದೆ. ಫೋರ್ಕಿಗೆ ಬೇಕಾದ್ದಕ್ಕಿಂತ ದಪ್ಪ ಎಣ್ಣೆ ಹಾಕಿಸಿ "ಈಗ ಗಟ್ಟಿಯಾಯ್ತು" ಎಂದು ಖುಷಿಪಡುವವರು ಇದನ್ನು ಗಮನಿಸಬೇಕು.

ಮೊದಲ ಕಾಲದ ಮೋಟಾರ್ ಸೈಕಲುಗಳ ಮುಂದೆ ಸ್ಪ್ರಿಂಗು ಮಾತ್ರ, ಹಿಂದೆ ಅದೂ ಇಲ್ಲ. ಎಣ್ಣೆಯ ತಡೆ ಇರುವ ಈ ನಳಿಗೆಯಂಥ ಫೋರ್ಕನ್ನು ಮಾರಾಟದ ಬೈಕುಗಳಿಗೆ ತಂದದ್ದು ಜರ್ಮನಿಯ ಬಿಎಂಡಬ್ಲ್ಯು, 1935ರಲ್ಲಿ. ಇವತ್ತು ನಮ್ಮ ಅಂಗಳದಲ್ಲಿ ನಿಂತ ಬೈಕಿನ ಮುಂಭಾಗದ ಅಜ್ಜ ಅದೇ. ಅದಿಲ್ಲದ ಸೈಕಲಿನಲ್ಲಿ ನಾವೇನು ಮಾಡುತ್ತಿದ್ದೆವು? ಗುಂಡಿ ಬಂದಾಗ ಪೆಡಲಿನ ಮೇಲೆ ಎದ್ದು ನಿಂತು ಮಂಡಿ ಸಡಿಲ ಬಿಡುತ್ತಿದ್ದೆವು. ಮಂಡಿಯೇ ಸ್ಪ್ರಿಂಗು, ತೊಡೆಯೇ ಎಣ್ಣೆ. ಯಕ್ಷಗಾನದಲ್ಲಿ ಪಳಗಿದ ವೇಷಧಾರಿ ಧಿಗಿಣ ಹಾರಿ ಇಳಿಯುವುದನ್ನೂ ಹೊಸಬ ಇಳಿಯುವುದನ್ನೂ ನೋಡಿ. ಹೊಸಬ ಇಳಿದರೆ ರಂಗಸ್ಥಳದ ಹಲಗೆ ಧಡ್ ಎನ್ನುತ್ತದೆ, ಕಿರೀಟ ಅಲ್ಲಾಡುತ್ತದೆ. ಪಳಗಿದವನ ಕಿರೀಟ ಕದಲುವುದಿಲ್ಲ.

ಹಾಗಾದರೆ ಸರಿಯಾದ ಬೈಕು ಹೇಗಿರಬೇಕು? ನಮ್ಮಲ್ಲಿ ಸೊಪ್ಪಿನ ಹೊರೆ ಹೊತ್ತು ಗುಡ್ಡ ಇಳಿಯುವ ಹೆಂಗಸರನ್ನು ನೋಡಿದ್ದೀರಲ್ಲ? ಪಾದ ಪ್ರತಿ ಕಲ್ಲನ್ನೂ ಮುಟ್ಟಿ ನೋಡುತ್ತದೆ, ಸೊಂಟ ಆಡುತ್ತದೆ, ತಲೆಯ ಮೇಲಿನ ಹೊರೆ ಮಾತ್ರ ನೀರಿನ ಮೇಲೆ ತೇಲಿದಂತೆ ಬರುತ್ತದೆ. ಚಕ್ರ ಹಾಗೆ ಇರಬೇಕು, ನಾವು ಹೊರೆಯ ಹಾಗೆ. ಕೆಳಗಿರುವುದು ಜಲ್ಲಿಯೋ ಡಾಮರೋ ಎಂದು ಅಂಗೈಗೆ ಗೊತ್ತಾಗಬೇಕು, ಆದರೆ ನೋಯಬಾರದು. ಹಂಪ್ ದಾಟಿದಾಗ ಮೆತ್ತಗೆ ಒಂದು ದಬ್, ಬೈಕು ತಗ್ಗಿ, ಎದ್ದು, ಕೂತುಬಿಡಬೇಕು. ಒಂದು ಎಂದು ಎಣಿಸಬೇಕು, ಎರಡು ಎನ್ನುವಂತಾಗಬಾರದು. ಬ್ರೇಕ್ ಹಿಡಿದರೆ ಮುಂಭಾಗ ತಗ್ಗಲಿ, ಮುಂದಿನ ಟೈರಿಗೆ ಭಾರ ಬಿದ್ದು ಹಿಡಿತ ಬರುವಾಗ ಅದು ತಗ್ಗುವುದು ಸಹಜ. ಆದರೆ ಅವಸರವಿಲ್ಲದೆ ತಗ್ಗಿ ಅಲ್ಲೇ ನಿಲ್ಲಬೇಕು. ತಿರುವಿನಲ್ಲಿ ಸ್ವಲ್ಪ ಕೆಳಗೆ ಕೂತು, ಹೊರಬರುವ ತನಕ ಅಲ್ಲಾಡಬಾರದು.

ಇನ್ನೊಂದು ಉಂಟು, ನನಗೆ ತುಂಬ ಇಷ್ಟವಾದದ್ದು. ನಮ್ಮ ಬೈಕುಗಳ ಎರಡು ಚಕ್ರಗಳ ನಡುವಿನ ದೂರ ಸುಮಾರು ಒಂದೂಕಾಲು ಮೀಟರ್. ಗಂಟೆಗೆ 40 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ 11 ಮೀಟರಿಗಿಂತ ಚೂರು ಹೆಚ್ಚು. ಹಾಗಾಗಿ ಒಂದೇ ಕಲ್ಲನ್ನು ಮುಂದಿನ ಚಕ್ರ ದಾಟಿ ಒಂದು ಸೆಕೆಂಡಿನ ಒಂಬತ್ತನೇ ಒಂದು ಪಾಲಿನಲ್ಲಿ ಹಿಂದಿನದು ದಾಟುತ್ತದೆ. ಹದವಾದ ಬೈಕಿನಲ್ಲಿ ಈ ಎರಡು ಏಟು ಸೇರಿ ಒಂದೇ ಉಸಿರಿನ ಹಾಗೆ ಆಗುತ್ತದೆ, ಇಡೀ ಬೈಕು ಒಟ್ಟಿಗೆ ಏರಿ ಒಟ್ಟಿಗೆ ಇಳಿದಂತೆ. ಹಿಂದೆ ಬಿಗಿ, ಮುಂದೆ ಸಡಿಲ ಇದ್ದರೆ ಏತದ ಮರ. ನನಗೆ ಇದು ಮೊದಲ ಸಲ ಗೊತ್ತಾದ ದಿನ ಅದೇ ರಸ್ತೆಯಲ್ಲಿ ಸುಮ್ಮನೆ ಎರಡು ಸಲ ಹೋಗಿ ಬಂದೆ!

ಈಗ ಬಿಗಿ ಎಂಬ ದೊಡ್ಡ ತಪ್ಪು ತಿಳುವಳಿಕೆಗೆ ಬರುತ್ತೇನೆ. ಐದು ಹಂತದ ಆ ಉಂಗುರವನ್ನು ತಿರುಗಿಸಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಆಗುವುದಿಲ್ಲ. ಸ್ಪ್ರಿಂಗು ಅದೇ, ತಂತಿ ಅದೇ, ಸುರುಳಿ ಅಷ್ಟೇ. ಅದನ್ನು ಮೊದಲೇ ಸ್ವಲ್ಪ ಅದುಮಿ ಇಟ್ಟಿರುತ್ತೇವೆ, ಅಷ್ಟೇ. ಇದರಿಂದ ಬದಲಾಗುವುದು ನಾವು ಕೂತಾಗ ಬೈಕು ಎಷ್ಟು ತಗ್ಗುತ್ತದೆ ಎಂಬುದು. ತಗ್ಗಬಾರದು ಎಂದುಕೊಳ್ಳುತ್ತೇವೆ, ಅಲ್ಲೇ ಎಡವುವುದು. ಸಸ್ಪೆನ್ಷನ್ ಕೆಲಸ ಮೇಲಕ್ಕೆ ಮಾತ್ರ ಅಲ್ಲ, ಕೆಳಕ್ಕೂ ಉಂಟು. ಕಲ್ಲು ಬಂದಾಗ ಚಕ್ರ ಮೇಲೆ ಬರಬೇಕು, ಗುಂಡಿ ಬಂದಾಗ ಚಕ್ರ ಕೆಳಗೆ ಇಳಿಯಬೇಕು. ಇಳಿಯಲು ಜಾಗ ಬೇಕಾದರೆ ನಾವು ಕೂತಾಗ ಬೈಕು ಒಂದಿಷ್ಟು ತಗ್ಗಿಯೇ ಇರಬೇಕು. ಚಕ್ರದ ಒಟ್ಟು ಓಡಾಟದ ಕಾಲು ಭಾಗದಿಂದ ಮೂರನೇ ಒಂದು ಭಾಗ ಎಂದು ಸಾಮಾನ್ಯ ಲೆಕ್ಕ. ನನ್ನ ಬೈಕಿನ ಹಿಂಚಕ್ರದ ಓಡಾಟ ಅಂದಾಜು 85 ಮಿ.ಮೀ., ಅಂದರೆ 21ರಿಂದ 28 ಮಿ.ಮೀ. ತಗ್ಗಬೇಕು. ಐದನೇ ಹಂತದಲ್ಲಿ ನಾನು ಕೂತಾಗ ತಗ್ಗುತ್ತಿದ್ದದ್ದು ಎಂಟು! ಗುಂಡಿ ಬಂದರೆ ಎಂಟು ಮಿಲಿಮೀಟರಿನ ನಂತರ ಚಕ್ರ ಇಳಿಯದು, ನೇತಾಡುತ್ತದೆ. ನೆಲ ಮುಟ್ಟದ ಟೈರಿಗೆ ಹಿಡಿತ ಎಲ್ಲಿಂದ ಬರಬೇಕು? ಆ ಜುಲೈಯಲ್ಲಿ ನನ್ನನ್ನು ಚರಂಡಿಗೆ ಹಾಕಿದ್ದು ಮಳೆಯೊಂದೇ ಅಲ್ಲ. ಒಂದು ಕಡೆ ಎಣ್ಣೆ ಇಲ್ಲದ ಶಾಕು, ಜೊತೆಗೆ ನಾನೇ ಹೇಳಿ ಇಡಿಸಿದ ಐದನೇ ಹಂತ.

ಹಿಂದಿನ ಎರಡು ಶಾಕನ್ನೂ ಒಟ್ಟಿಗೆ ಬದಲಿಸಿದೆ (ಒಂದನ್ನು ಮಾತ್ರ ಬದಲಿಸಿ ದುಡ್ಡು ಉಳಿಸುವ ಯೋಚನೆ ಬೇಡ, ಎರಡೂ ಸಮ ಇರಬೇಕು). ಫೋರ್ಕಿನ ಎಣ್ಣೆ ತೆಗೆಸಿದೆ. ಬಂದದ್ದು ಎಣ್ಣೆಯೋ ಗಟಾರದ ನೀರೋ ಎಂದು ಹೇಳುವಂತಿರಲಿಲ್ಲ. ಇಂಜಿನ್ ಆಯಿಲನ್ನು ತಪ್ಪದೆ ಬದಲಿಸುವ ನಾವು ಫೋರ್ಕಿನೊಳಗೂ ಎಣ್ಣೆ ಇದೆ ಎಂಬುದನ್ನೇ ಮರೆಯುತ್ತೇವೆ. ಬ್ರೇಕ್ ಹಿಡಿದಾಗ ಬರುತ್ತಿದ್ದ ಟಕ್ ಶಬ್ದ ಫೋರ್ಕಿನದ್ದು ಎಂದುಕೊಂಡಿದ್ದೆ, ಅದು ಸಡಿಲಾದ ಕೋನ್‌ಸೆಟ್ಟು. ಟೈರಿನ ಗಾಳಿಯೂ ಹಾಗೆ. ಹೆಚ್ಚು ಗಾಳಿ ತುಂಬಿಸಿ ಮತ್ತೆ ಶಾಕಿಗೆ ಬೈಯುವುದು ನ್ಯಾಯವಲ್ಲ. ಇಷ್ಟಾದ ಮೇಲೆ ಉಂಗುರವನ್ನು ಎರಡನೇ ಹಂತಕ್ಕೆ ಇಳಿಸಿ ಅಳೆದರೆ 22 ಮಿ.ಮೀ. ಮನೆಯವರು ಕೂರುವ ದಿನ ಟೂಲ್ ಕಿಟ್ಟಿನ ಸ್ಪ್ಯಾನರ್ ಹಿಡಿದು ನಾಲ್ಕಕ್ಕೆ ತಿರುಗಿಸುತ್ತೇನೆ. ಎರಡು ನಿಮಿಷದ ಕೆಲಸ. ಮೊದಲ ಭಾನುವಾರ ದೇವಸ್ಥಾನದ ಹತ್ತಿರದ ಹಂಪ್ ದಾಟಿದ ಮೇಲೆ ಹಿಂದಿನಿಂದ, "ಇಲ್ಲಿ ಒಂದು ಹಂಪ್ ಇತ್ತಲ್ಲ?" ಎಂಬ ಪ್ರಶ್ನೆ ಬಂತು. ನಾನು ಮಾತಾಡಲಿಲ್ಲ. ಮಾತಾಡಿದರೆ ಇಷ್ಟು ವರ್ಷ ಎಲ್ಲಿದ್ದಿರಿ ಎಂದು ಕೇಳಿಯಾರು ಎಂಬ ಹೆದರಿಕೆ.

ಹದ ಕಲಿಯುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ನಾನು ಮಾಡಿದ್ದು ಇಷ್ಟು. ದಿನಾ ಹೋಗುವ ದಾರಿಯಲ್ಲಿ ಎರಡು ಕಿ.ಮೀ. ಆರಿಸಿಕೊಂಡೆ. ಒಂದು ಹಂಪ್, ಒಂದು ತಿರುವು, ಒಂದಿಷ್ಟು ಒರಟು ಇರುವಂಥದ್ದು. ಅದೇ ವೇಗ, ಅದೇ ಗಾಳಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಮನೆಗೆ ಬಂದ ಕೂಡಲೇ ನೋಟ್‌ಬುಕ್ಕಿನಲ್ಲಿ ಒಂದು ಸಾಲು, "ಒಂಥರಾ" ಎಂಬ ಪದ ಬಳಸದೆ. ಬೇಕೆಂದೇ ಒಮ್ಮೆ ಒಂದನೇ ಹಂತ, ಒಮ್ಮೆ ಐದನೇ ಹಂತ ಇಟ್ಟು ನಿಧಾನವಾಗಿ ಓಡಿಸಿದೆ. ಎರಡು ಕೊನೆಗಳ ರುಚಿ ಗೊತ್ತಾದ ಮೇಲೆಯೇ ನಡುವಿನದ್ದು ನಾಲಗೆಗೆ ಸಿಗುವುದು. ಅಂಗಡಿಯಲ್ಲಿ ನಿಂತ ಬೈಕಿನ ಸೀಟು ಅದುಮಿ "ಮೆತ್ತಗಿದೆ" ಎಂದು ಕೊಳ್ಳುವವರೂ, ಗಟ್ಟಿ ಇದ್ದರೇ ಸ್ಪೋರ್ಟ್ಸ್ ಬೈಕು ಎಂದು ಬೀಗುವ ಹುಡುಗರೂ ಇಬ್ಬರೂ ಅರ್ಧ ಮಾತ್ರ ನೋಡಿದವರು.

ಇದನ್ನು ಶಾಲೆಗೆ ಯಾಕೆ ತರುತ್ತೀರಿ ಎಂದು ನಮ್ಮ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಮಕ್ಕಳಿಗೆ ಲೈಸೆನ್ಸಿನ ವಯಸ್ಸಾಗಿಲ್ಲ, ಬೈಕಿನ ಹುಚ್ಚು ಹಿಡಿಸಬೇಡಿ ಎಂದರು. ಅವರ ಆತಂಕ ಸುಳ್ಳಲ್ಲ. ನಾನು ಮಕ್ಕಳಿಗೆ ಓಡಿಸಲು ಹೇಳಿಕೊಡುವುದಿಲ್ಲ. ಬೈಕನ್ನು ನೆಟ್ಟಗೆ ಹಿಡಿದು ನಿಲ್ಲಿಸಿ, ಹಿಂದಿನ ಅಚ್ಚಿನಿಂದ ಸೀಟಿನ ಕೆಳಗಿನ ಗುರುತಿನವರೆಗೆ ಮರದ ಸ್ಕೇಲು ಹಿಡಿಯುತ್ತೇವೆ. ಮೂವತ್ತು ಕೆಜಿಯ ಹುಡುಗಿ ಕೂರುತ್ತಾಳೆ, ನಲವತ್ತರ ಹುಡುಗ ಕೂರುತ್ತಾನೆ, ಕೊನೆಗೆ ಮಾಷ್ಟ್ರು. ತೂಕ ಒಂದು ಕಡೆ, ತಗ್ಗಿದ್ದು ಇನ್ನೊಂದು ಕಡೆ ಬರೆದು ಗ್ರಾಫ್ ಎಳೆದರೆ ಹೆಚ್ಚುಕಡಿಮೆ ಸರಳರೇಖೆ. ಉಂಗುರ ತಿರುಗಿಸಿ ಮತ್ತೆ ಅಳೆದರೆ ರೇಖೆ ಜಾಗ ಬದಲಿಸುತ್ತದೆ, ಓರೆ ಬದಲಿಸುವುದಿಲ್ಲ. ಬಿಗಿ ಮಾಡಿದರೆ ಸ್ಪ್ರಿಂಗು ಗಟ್ಟಿಯಾಗುವುದಿಲ್ಲ ಎಂದು ನಾನು ಒಂದು ಪುಟ ಬರೆದದ್ದನ್ನು ಮಕ್ಕಳು ಅಲ್ಲಿ ಕಣ್ಣಾರೆ ನೋಡುತ್ತಾರೆ. ಒಬ್ಬಳು, "ಸಾರ್, ಮೇಲಿನ ಬಿಂದು ಸ್ವಲ್ಪ ಬಗ್ಗಿದೆ" ಎಂದಳು. ಹೌದು, ಸುರುಳಿ ಒಂದು ತುದಿಯಲ್ಲಿ ಒತ್ತೊತ್ತಾಗಿರುವ ಸ್ಪ್ರಿಂಗು ಭಾರ ಹೆಚ್ಚಿದಂತೆ ಗಟ್ಟಿಯಾಗುತ್ತಾ ಹೋಗುತ್ತದೆ. ಆ ಪ್ರಶ್ನೆ ಪಾಠಪುಸ್ತಕದ ಚಿತ್ರ ನೋಡಿ ಯಾರೂ ಕೇಳಿರಲಿಲ್ಲ.

ಈ ಮಕ್ಕಳಲ್ಲಿ ಕೆಲವರು ನಾಳೆ ಗ್ಯಾರೇಜು ಇಡುತ್ತಾರೆ, ಕೆಲವರು ಇಂಜಿನಿಯರಿಂಗಿಗೆ ಹೋಗುತ್ತಾರೆ, ಹೆಚ್ಚಿನವರು ನನ್ನ ಹಾಗೆ ಬೈಕಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತಾರೆ. ಗ್ಯಾರೇಜಿನ ಹುಡುಗನೊಂದಿಗೆ ಅವರು ತುಳುವಿನಲ್ಲೋ ಮಲೆಯಾಳದಲ್ಲೋ ಮಾತಾಡಬಹುದು, ಅಡ್ಡಿಯಿಲ್ಲ. ಮೈಗೆ ಆದದ್ದನ್ನು ಬಿಡಿಸಿ ಹೇಳುವ ಅಭ್ಯಾಸ ಒಂದು ಭಾಷೆಯಲ್ಲಿ ಆದರೆ ಇನ್ನೊಂದಕ್ಕೂ ಬರುತ್ತದೆ.

ನನ್ನ ಬೈಕೇನೂ ಈಗ ಹೂವಿನ ರಥ ಆಗಿಲ್ಲ. ಎಡ ಫೋರ್ಕಿನ ಸೀಲು ಮತ್ತೆ ಎಣ್ಣೆ ಒಸರುತ್ತಿದೆ, ಮೊನ್ನೆ ನೋಡಿದೆ. ನಳಿಗೆಯಲ್ಲಿ ತುಕ್ಕಿನ ಚುಕ್ಕೆ ಬಿದ್ದಿದೆಯಂತೆ, ಹೊಸ ಸೀಲು ಹಾಕಿದರೂ ಅದು ಹರಿಯುತ್ತದಂತೆ. ಶನಿವಾರ ಹೋಗಬೇಕು. ಈ ಸಲ ಅವನು ಕೇಳುವ ಮೊದಲೇ ಹೇಳುತ್ತೇನೆ, ಕುಕ್ಕುವುದಿಲ್ಲ ಮಾರಾಯ, ಬ್ರೇಕ್ ಹಿಡಿದರೆ ಎಡಕ್ಕೆ ಚೂರು ಕುಸಿದಂತೆ ಆಗುತ್ತದೆ ಎಂದು.